ಜೇಬಿನಲ್ಲಿದ್ದ ಬೆಲ್ಲ

ಜುಲೈ 10, ಗುರುವಾರ

ಆ ಟೀಚರ್ ಮುಖ ಕಣ್ಣೆದುರಿನಿಂದ ಹೋಗುತ್ತಿಲ್ಲ. ಎಂಟು ವರ್ಷದ ನನ್ನ ಮಗಳು ಭೂಮಿಕಾಗೆ ದಿನಾ ಇನ್ಸುಲಿನ್ ಬೇಕು. ಶಾಲೆಯಲ್ಲಿ ನರ್ಸ್ ಇಲ್ಲ. ಮಧ್ಯಾಹ್ನ ಹಂಪಿಯ ಅಂಗಡಿ ಮುಚ್ಚಿ ನಾನೇ ಹೋಗಿ ಚುಚ್ಚುತ್ತೇನೆ. ಶುಗರ್ ಇಳಿದು ಕೈ ನಡುಗಿದರೆ ತಿನ್ನಲಿ ಎಂದು ಅವಳ ಜೇಬಿನಲ್ಲಿ ಬೆಲ್ಲ ಇಡುತ್ತೇನೆ. ಇವತ್ತು ಟೀಚರ್ ಅದನ್ನು ಕಿತ್ತುಕೊಂಡರಂತೆ.

ನಾನು ಹೋದಾಗ ಮಗು ಪ್ರಜ್ಞೆ ತಪ್ಪಿ ನೆಲದ ಮೇಲಿತ್ತು. ಫಿಟ್ಸ್ ಎಂದುಕೊಂಡು ಕೈಗೆ ಬೀಗದ ಕೈ ಹಿಡಿಸಿದ್ದರು! ನನ್ನ ಬಳಿಯಿದ್ದ ಬೆಲ್ಲ ವಸಡಿಗೆ ಸವರಿದ ಮೇಲೆ ಕಣ್ಣು ಬಿಟ್ಟಳು.

"ಶುಗರ್ ಐತಿ ಅಂತೀರಿ, ಬೆಲ್ಲಾನೂ ಕೊಟ್ಟು ಕಳಸ್ತೀರಿ. ಎಂಥಾ ತಾಯಿರೀ ನೀವು?" ಎಂದು ಟೀಚರ್ ನನಗೇ ಬೈದರು. ಜೂನ್‌ನಲ್ಲಿ ಎಲ್ಲ ಬಿಡಿಸಿ ಹೇಳಿದಾಗ ಮೊಬೈಲ್ ನೋಡುತ್ತಾ "ಆತು ಬಿಡ್ರಿ" ಎಂದವರು ಇವರೇ.

ಮಲಗುವಾಗ ಭೂಮಿಕಾ ಹೇಳಿದಳು: "ಅವ್ವಾ, ನಾಳಿಗೆ ಬೆಲ್ಲ ಸಾಕ್ಸ್ ಒಳಗ ಇಡು. ಮಿಸ್ಸಿಗೆ ಕಾಣಂಗಿಲ್ಲ."

ಇಟ್ಟೆ.