ದೀಪ ಉರಿಯುವಾಗ ಕಚೇರಿಗೆ ರಜೆ

ನಗರದ ದೀಪಾಲಂಕಾರದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಗಡಿಯಾರ ಗೋಪುರದ ಮುಂದೆ ಕ್ಯಾಮೆರಾ ಸ್ಟ್ಯಾಂಡ್ ಇಟ್ಟು ಫೋಟೋ ತೆಗೆಯಲು ತಮ್ಮ ಅನುಮತಿ ಬೇಕೆಂದು ನಿಯಮ. ಗೋಪುರಕ್ಕೆ ದೀಪ ಹಾಕುವುದು ರಜೆಯ ಹತ್ತು ದಿನ ಮಾತ್ರ. ಅನುಮತಿ ಕೊಡುವ ಕಚೇರಿಗೆ ಬೀಗ ಬೀಳುವುದೂ ಅದೇ ಹತ್ತು ದಿನ. ಇಂಥ ನಿಯಮ ಹೊಳೆಯಲು ಸಾಮಾನ್ಯ ತಲೆ ಸಾಲದು, ತಮಗೊಂದು ದೊಡ್ಡ ನಮಸ್ಕಾರ. ಮೊದಲೇ ಅರ್ಜಿ ಹಾಕಬೇಕಿತ್ತು ಎನ್ನುವಿರಾ? ನಿಯಮದ ಫಲಕ ನೆಟ್ಟಿದ್ದೇ ದೀಪ ಹತ್ತಿದ ದಿನವಲ್ಲವೇ ಸ್ವಾಮಿ?

ನಾನು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ಟುಡಿಯೋ ಇಟ್ಟುಕೊಂಡವಳು. ಪಾಸ್‌ಪೋರ್ಟ್ ಅಳತೆಯ ಮುಖಗಳೇ ನನ್ನ ಅನ್ನ. ನನ್ನ ಸೋದರಮಾವ ತಮ್ಮದೇ ವಿಭಾಗದಲ್ಲಿದ್ದು, ಸೊಂಟಕ್ಕೆ ಹಗ್ಗ ಬಿಗಿದು ಮೂವತ್ತೊಂದು ವರ್ಷ ಆ ಗೋಪುರಕ್ಕೆ ಬಲ್ಬು ಕಟ್ಟಿದವರು. ಮುಂದಿನ ವರ್ಷದಿಂದ ಬಲ್ಬು ಇರುವುದಿಲ್ಲ, ಬಣ್ಣ ಬದಲಿಸುವ ಪರದೆ ಬರುತ್ತದೆ ಎಂದು ತಾವು ಪ್ರಕಟಿಸಿದಿರಿ. ಜನ್ಮದಲ್ಲಿ ಯಾರನ್ನೂ ಏನೂ ಕೇಳದ ಮಾವ ಅದನ್ನು ಓದಿ, "ಅದರ ಮುಂದೆ ನಂದೊಂದು ಫೋಟೋ ತೆಗಿಯೇ. ಅಷ್ಟು ವರ್ಷ ಮೇಲೇ ನೇತಾಡಿದೆ, ಕೆಳಗೆ ನಿಂತಿದ್ದು ಒಂದೂ ಇಲ್ಲ" ಎಂದರು.

ಮೊಬೈಲಿನಲ್ಲಿ ತೆಗೆಯಲು ಅಡ್ಡಿಯಿಲ್ಲವಲ್ಲ, ತೆಗೆದೆ. ಬಲ್ಬುಗಳೆಲ್ಲ ಕಲಸಿಹೋದವು, ಮಾವ ಕರಿ ಬೊಂಬೆಯಾದರು. ಒಂಬತ್ತು ದಿನ ತಮ್ಮ ಕಚೇರಿಯ ಬೀಗ ನೋಡಿ ಬಂದೆ. ಹತ್ತನೆಯ ಸಂಜೆ, ಆದದ್ದಾಗಲಿ ಎಂದು ಸ್ಟ್ಯಾಂಡ್ ಹೊತ್ತು ಹೋದೆ.

"ಇಪ್ಪತ್ತು ಸೆಕೆಂಡು ಅಲ್ಲಾಡಬೇಡಿ ಮಾವ. ಅಲ್ಲಾಡಿದ್ರೆ ಫೋಟೋದಲ್ಲಿ ನೀವೇ ಇರಲ್ಲ."

"ಹಗ್ಗದ ಮೇಲೆ ಅಲ್ಲಾಡದೆ ಕೆಲಸ ಮಾಡಿದೋನು ಕಣೇ. ನನಗೇ ಹೇಳ್ತೀಯಾ?"

ಗುಂಡಿ ಒತ್ತಿದೆ. ದೀಪ ಹತ್ತಿದ ಮೇಲೆ ಒಮ್ಮೆ ತಿರುಗಿ ಎಣಿಸುವುದು ಮಾವನ ಹಳೇ ಚಾಳಿ. ತಿರುಗಿಯೇ ಬಿಟ್ಟರು. "ಅಯ್ಯೋ, ಮೂರನೇ ಸಾಲಲ್ಲಿ ಒಂದು ಹೋಗಿದೆ!" ಎನ್ನುತ್ತ ಗೋಪುರದ ಕಡೆಗೆ ನಡೆದೂ ಬಿಟ್ಟರು. ಇನ್ನೊಮ್ಮೆ ನಿಲ್ಲಿಸಿ ತೆಗೆಯೋಣ ಎನ್ನುವಷ್ಟರಲ್ಲಿ ಕಾವಲುಗಾರ ಬಂದ.

"ಏನ್ ಮೇಡಂ, ಬೋರ್ಡ್ ಓದಕ್ಕೆ ಬರಲ್ವಾ?"

"ಇನ್ನೊಂದೇ ಒಂದಪ್ಪ, ಇಪ್ಪತ್ತು ಸೆಕೆಂಡು."

"ನನ್ನ ಕೆಲಸ ಹೋಗುತ್ತೆ ಮೇಡಂ, ನೀವ್ ಕೊಡ್ತೀರಾ?"

ಅವನ ಮೇಲೆ ನನಗೆ ಸಿಟ್ಟಿಲ್ಲ. ಸ್ಟ್ಯಾಂಡ್ ಅವನ ಕೈಗೆ ಹೋಯಿತು, ಸ್ವಲ್ಪ ಹೊತ್ತಿಗೆ ದೀಪವೂ ಆರಿತು.

ಮರುದಿನ ಕಚೇರಿ ತೆರೆಯಿತು. ಒಂದು ಸಂಜೆ ಮತ್ತೆ ದೀಪ ಹಾಕಿಸಿ ಎಂದು ಅಂಗಲಾಚಿ, ಆ ಇಪ್ಪತ್ತು ಸೆಕೆಂಡಿನ ಚಿತ್ರವನ್ನೂ ಲಗತ್ತಿಸಿ ಅರ್ಜಿ ಕೊಟ್ಟೆ. ತಮ್ಮ ಉತ್ತರ ಬಂತು: ಬಲ್ಬುಗಳನ್ನು ಈಗಾಗಲೇ ಬಿಚ್ಚಿ ವಿಲೇವಾರಿ ಮಾಡಲಾಗಿದೆ. ಆದರೆ ಚಿತ್ರದಲ್ಲಿ ಜನರಾರೂ ಅಡ್ಡ ಬಾರದಿರುವುದರಿಂದ ಅದು ಕಚೇರಿಯ ಕ್ಯಾಲೆಂಡರಿಗೆ ಅತ್ಯಂತ ಸೂಕ್ತವಾಗಿದ್ದು, ಅಚ್ಚು ಹಾಕಲು ಅರ್ಜಿದಾರರು ಒಪ್ಪಿಗೆ ನೀಡತಕ್ಕದ್ದು.

ಮಾವನಿಗೆ ಓದಿ ಹೇಳಿದೆ. "ಬಿಡೇ, ಬಲ್ಬೆಲ್ಲ ಚೆನ್ನಾಗಿ ಬಂದಿದೆಯಲ್ಲ" ಎಂದು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ತಾವು ನಿಂತಿದ್ದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ.

ತಮ್ಮೊಡನೆ ಜಗಳವಾಡುವ ತ್ರಾಣ ನನ್ನಲ್ಲಿಲ್ಲ, ಆಡಿದರೂ ಬಿಚ್ಚಿದ ಬಲ್ಬು ಮರಳುವುದಿಲ್ಲ. ಒಪ್ಪಿಗೆ ಕೊಟ್ಟಿದ್ದೇನೆ, ಅಚ್ಚು ಹಾಕಿಸಿ. ನನ್ನ ಬೇಡಿಕೆ ಒಂದೇ. ಚಿತ್ರದ ಕೆಳಗೆ, ನನ್ನ ಹೆಸರು ಹಾಕುವ ಜಾಗದಲ್ಲಿ, ಹೀಗೆಂದು ಬರೆಸಿ: ಇಲ್ಲಿ ಒಬ್ಬರು ನಿಂತಿದ್ದರು.

ಇಂತಿ,
ವಶಪಡಿಸಿಕೊಂಡ ಸ್ಟ್ಯಾಂಡಿಗೆ ರಶೀದಿಯೂ ಸಿಗದ
ಓಣಿಯ ಸ್ಟುಡಿಯೋದವಳು