ಆಷಾಢದಲ್ಲಿ ಅಳಿಯನ ವೀಸಾ

ಜೂನ್ ೧೮, ಬುಧವಾರ

ಫೋಟೋ ಮತ್ತೆ ರಿಜೆಕ್ಟ್. ಈ ಸಲದ ಕಾರಣ — ಹಿನ್ನೆಲೆ ಬಿಳಿಯಾಗಿಲ್ಲ. ವಿಲ್ಮರ್‌ನನ್ನು ಅಡುಗೆಮನೆ ಗೋಡೆಗೆ ನಿಲ್ಲಿಸಿ ತೆಗೆದಿದ್ದೆ. ಇಷ್ಟು ವರ್ಷ ಒಗ್ಗರಣೆ ಕುಡಿದ ಗೋಡೆ, ಬಿಳುಪು ಎಲ್ಲಿಂದ ತರಬೇಕು ಪಾಪ.

ಅವ್ವ ಟ್ರಂಕು ತೆರೆದು ಅಪ್ಪನ ಧೋತರ ತಂದಳು. ತಾನೇ ಎರಡೂ ಕೈ ಅಗಲಿಸಿ ಅಳಿಯನ ಹಿಂದೆ ಹಿಡಿದು ನಿಂತಳು. ‘ಜಲ್ದಿ ತಗೀ, ರಟ್ಟಿ ನೋಯ್ತಾವು.’ ಮಸ್ತ್ ಬಂತು. ಅಪ್‌ಲೋಡ್ ಆಯಿತು. ಪೆರು ದೇಶದ ಪ್ರಜೆಯೊಬ್ಬನ ಬೆನ್ನಿಗೆ ನನ್ನ ತೀರಿಹೋದ ಅಪ್ಪನ ಧೋತರವಿದೆ ಎಂಬುದು ಭಾರತ ಸರ್ಕಾರಕ್ಕೆ ಈವರೆಗೆ ತಿಳಿದಿಲ್ಲ.

ಅರ್ಜಿಯ ‘ಪರಿಚಯವಾದ ಬಗೆ’ ಎಂಬಲ್ಲಿ ಬರೆದದ್ದು: ಸದರಿಯವರು ಹಂಪಿಯ ಬಂಡೆಯೊಂದನ್ನು ಹತ್ತುವಾಗ ಬಿದ್ದು, ಊದಿದ ಪಾದದೊಂದಿಗೆ ಹೊಸಪೇಟೆಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದಿದ್ದು, ಪಾದ ವಾಸಿಯಾದ ಮೇಲೂ ಬರುತ್ತಲೇ ಇದ್ದು, ಏಪ್ರಿಲ್‌ನಲ್ಲಿ ಮದುವೆ ರಿಜಿಸ್ಟರ್ ಆಗಿರುತ್ತದೆ. — ಗಂಗೋತ್ರಿ, ಪತ್ನಿ. ಸತ್ಯಕ್ಕೆ ಚ್ಯುತಿಯಿಲ್ಲ. ರಸವೂ ಇಲ್ಲ.

ಅವನ ಟೂರಿಸ್ಟ್ ವೀಸಾ ಜುಲೈ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಅದು ‘ಭಾರತೀಯಳ ಗಂಡ’ ಎಂಬ ವೀಸಾ ಆಗಬೇಕು. ಆಗದಿದ್ದರೆ ಲಿಮಾಗೆ ಹೋಗಿ ಅಲ್ಲಿಂದ ಹೊಸದಾಗಿ ಅರ್ಜಿ. ಯಾವಾಗ ಬರುತ್ತಾನೋ ಆ ವಿರೂಪಾಕ್ಷನಿಗೇ ಗೊತ್ತು.

ಕಳಿಸುವುದಿಲ್ಲ. ಅಷ್ಟೇ.

ಜೂನ್ ೨೫, ಮಣ್ಣೆತ್ತಿನ ಅಮಾವಾಸ್ಯೆ

ಅಳಿಯನೇ ಎತ್ತು ಮಾಡಬೇಕೆಂದು ಅವ್ವನ ಅಪ್ಪಣೆ. ಮಾಡಿದ. ಕತ್ತು ಉದ್ದ, ಬಾಲ ಗಿಡ್ಡ, ಮುಖದಲ್ಲಿ ಎಂಥದೋ ಅಹಂಕಾರ. ಅವರ ಊರಿನ ಅಲ್ಪಾಕ ಎಂಬ ಪ್ರಾಣಿ ಅದೇ ಎಂದು ನನಗೆ ತಕ್ಷಣ ಗೊತ್ತಾಯಿತು. ಅವ್ವ ಅದಕ್ಕೂ ಭಕ್ತಿಯಿಂದ ಕುಂಕುಮ ಹಚ್ಚಿದಳು. ಕೊಂಬು ಎಲ್ಲಿವೆ ಎಂದು ಮಾತ್ರ ಹುಡುಕಿದಳು.

ಊಟವಾದ ಮೇಲೆ ಬಾಂಬು.

‘ನಾಳಿಂದ ಆಷಾಢ. ವಿಲ್ಲಪ್ಪ ಇಲ್ಲಿ ಇರಂಗಿಲ್ಲ.’ ಅವ್ವನ ಬಾಯಲ್ಲಿ ವಿಲ್ಮರ್ ವಿಲ್ಲಪ್ಪ.

‘ಅವ್ವಾ, ಆಷಾಢಕ್ಕ ಸೊಸಿ ಅತ್ತಿ ಮನ್ಯಾಗ ಇರಬಾರದು ಅಂತಾರ. ನಮ್ಮತ್ತಿ ಪೆರುದಾಗ ಅದಾಳ. ನಡುವ ಎರಡು ಸಮುದ್ರ ಅದಾವು. ಇನ್ನೆಷ್ಟು ದೂರ ಇರ್ಲಿ ನಾನು?’

‘ಅದು ಹೌದು. ಅತ್ತಿ-ಅಳಿಯಾನೂ ಒಂದ ಹೊಸ್ತಿಲ ದಾಟಬಾರದು. ಮೊದಲನೇ ಆಷಾಢ ಐತಿ. ನನ್ನ ಮಾತು ಕೇಳು.’

ವಾದಿಸಬಹುದಿತ್ತು. ಆದರೆ ಬಳಗವೆಲ್ಲ ‘ಎಲ್ಲಿಯವನೋ ಏನೋ’ ಎಂದಾಗ ಸೆರಗು ಸಿಗಿಸಿ ನಿಂತವಳು ಈಕೆ. ಕಂಪ್ಲಿಯ ಸೋದರಮಾವ ಮದುವೆಗೆ ಬರುವುದಿಲ್ಲ ಎಂದಾಗ ‘ಬರಬ್ಯಾಡ, ಬುಂದಿ ಉಳೀತಾವು’ ಎಂದವಳು. ಮದುವೆಯಾದ ಮೇಲೆ ಅವಳು ಕೇಳಿದ್ದು ಇದೊಂದೇ.

ವಿಲ್ಮರ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಖುಷಿಯಿಂದ ಒಪ್ಪಿದ. ತಿಂಗಳಿಡೀ ಹಂಪಿ, ತಿಂಗಳಿಡೀ ಬಂಡೆ ಹತ್ತುವುದು. ಇಷ್ಟು ಬೇಗ ಒಪ್ಪಬಾರದಿತ್ತು.

ಜೂನ್ ೩೦

ಹಂಪಿಯಲ್ಲಿ ವಿಲ್ಮರ್‌ಗೆ ಸಿಕ್ಕಿದ್ದು ಮೂಕಣ್ಣನ ಗೆಸ್ಟ್‌ಹೌಸು. ಬಾಳೆತೋಟದ ಮಗ್ಗುಲಿಗೆ, ಮೇಲಿನ ಕೋಣೆ. ಮೂಕಣ್ಣ ಹೆಸರಿಗಷ್ಟೇ. ಬಾಯಿ ಬಿಟ್ಟರೆ ನಿಲ್ಲಿಸುವುದಿಲ್ಲ. ‘ಮೇಡಂ, ಹನಿಮೂನ್‌ಗೆ ಬರೋರನ್ನ ನೋಡೀನಿ. ಹೆಂಡ್ತೀನ ಬಿಟ್ಟು ಬಂದೋನ್ನ ಇವನ್ನ ಒಬ್ಬನ್ನ ನೋಡಿದ್ದು.’

ದಿನಚರಿ ಹೀಗೆ: ಬೆಳಿಗ್ಗೆ ಕ್ಲಿನಿಕ್. ಸಂಡೂರಿನ ಗಣಿ ಡ್ರೈವರುಗಳ ಸೊಂಟಗಳು. ಸಂಜೆ ಸ್ಕೂಟಿ ಹತ್ತಿ ಹಂಪಿ. ಹಿಂದೆ ಡಬ್ಬಿ — ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಳಿಯನನ್ನು ಹೊರಗೆ ಕಳಿಸಿದವಳೇ ಡಬ್ಬಿ ಕಟ್ಟುತ್ತಾಳೆ. ‘ತಿಂದನೇನು? ಪೂರಾ ತಿಂದನೇನು? ಸುಳ್ಳು ಹೇಳಬ್ಯಾಡ, ಡಬ್ಬಿ ತೋರ್ಸು.’

ಕಾನೂನುಬದ್ಧ ಗಂಡನನ್ನು ಟೀ ಅಂಗಡಿಯಲ್ಲಿ ಕದ್ದು ಭೇಟಿಯಾಗುವ ಸುಖ ನನಗೊಬ್ಬಳಿಗೇ ಸಿಕ್ಕಿದ್ದು. ನಿನ್ನೆ ಕ್ಲಿನಿಕ್ಕಿನ ಪೇಷೆಂಟೊಬ್ಬರು ಕಂಡು ಮುಖ ತಿರುಗಿಸಿಕೊಂಡರು, ನನ್ನ ಮಾನ ಕಾಪಾಡಲು.

ಜುಲೈ ೮, ಮಂಗಳವಾರ. ಮಧ್ಯಾಹ್ನ

ಅವ್ವನ ಫೋನು. ದನಿಯಲ್ಲಿ ಭಾರೀ ಸಂಭ್ರಮ.

‘ಪೊಲೀಸ್ರು ಬಂದಿದ್ರು ಗಂಗೂ! ವಿಲ್ಲಪ್ಪನ ವಿಚಾರಕ್ಕ. ಭಾಳ ಚಲೋ ಮನಿಷಾ. ಚಾ ಕುಡದ.’

‘ಏನ್ ಕೇಳಿದ್ರು?’

‘ಅಳಿಯ ಎಲ್ಲಿ ಅಂದ್ರು. ಇಲ್ಲಿ ಇಲ್ರಿ, ಹಂಪ್ಯಾಗ ರೂಮ್ ಮಾಡ್ಯಾನ ಅಂದೆ.’

‘ಆಮ್ಯಾಲ?’

‘ಇಬ್ರೂ ಕೂಡಿ ಇಲ್ಲೇನು ಅಂದ್ರು. ಇಲ್ರಿ ಅಂದೆ. ಯಾಕ ಅಂದ್ರು. ನಾನಾ ಹೊರಗ ಕಳಿಸೀನ್ರಿ, ಸದ್ಯಾಕ ಈ ಮನಿಗೆ ಕಾಲಿಡಂಗಿಲ್ಲ ಅಂತ ಹೇಳೀನಿ ಅಂದೆ. ಎಲ್ಲಾ ಬರಕೊಂಡ್ರು. ಒಂದಾದ್ರೂ ಸುಳ್ಳು ಹೇಳಿಲ್ಲ ತಾಯಿ.’

ನಿಜ. ಒಂದೇ ಒಂದು ಸುಳ್ಳು ಹೇಳಿರಲಿಲ್ಲ.

ಟೇಬಲ್ಲಿನ ಮೇಲೆ ಬೋರಲು ಮಲಗಿದ್ದ ಡ್ರೈವರು ‘ಮೇಡಂ, ಸಾವಕಾಶ ಒತ್ರಿ’ ಎಂದ.

ಜುಲೈ ೯

ಠಾಣೆಗೆ ಹೋಗಿದ್ದೆ. ನಮ್ಮ ಕೇಸು ನೋಡುವ ಪೇದೆಯ ಹೆಸರು ಹುಲಿಗೇಶ್. ಎಳೇ ಮುಖ, ಕೈಯಲ್ಲಿ ಹೊಸ ಉಂಗುರ. ಗಂಭೀರ.

‘ಗಂಡ-ಹೆಂಡ್ತಿ ಕೂಡಿ ಅದಾರೇನು ಅಂತ ಮ್ಯಾಲಿಂದ ಕೇಳ್ಯಾರ ಮೇಡಂ. ಇಲ್ಲ ಅಂತ ನಿಮ್ಮವ್ವಾರಾ ಹೇಳ್ಯಾರ.’

‘ಆಷಾಢ ಐತಲ್ರಿ ಸರ.’

‘ಗೊತ್ತೈತ್ರಿ. ಆಷಾಢ ಅಂತ ಬರಿಯಾಕ ಇದ್ರಾಗ ಜಾಗ ಇಲ್ಲ. ಹೌದು ಅಂತ ಬರೀಬೇಕು, ಇಲ್ಲಾಂದ್ರ ಇಲ್ಲ ಅಂತ ಬರೀಬೇಕು. ವೀಸಾಕ್ಕಂತ ಮದುವಿ ಆಗೋರೂ ಇರ್ತಾರ ಮೇಡಂ. ನಿಮ್ಮನ್ನ ಅಂತಲ್ಲ.’

ನನ್ನನ್ನೇ ಅಂದದ್ದು.

ಇನ್ನೂ ಮೇಲಕ್ಕೆ ಕಳಿಸಿಲ್ಲವಂತೆ. ಇನ್ನೊಮ್ಮೆ ಬರುತ್ತಾನಂತೆ. ಇಬ್ಬರೂ ಮನೆಯಲ್ಲಿ ಸಿಗಬೇಕು. ಹಿರಿಯರ ಹೇಳಿಕೆಯೂ ಬೇಕು.

‘ಯಾವತ್ತು ಬರ್ತೀರಿ?’

‘ಹೇಳಿ ಬಂದ್ರ ಅದು ವೆರಿಫಿಕೇಶನ್ ಹೆಂಗಾಕ್ಕೈತ್ರಿ?’

ಮನೆಗೆ ಬಂದವಳೇ ಅವ್ವನಿಗೆ ಹೇಳಿದೆ — ನಾಳೆ ವಿಲ್ಮರ್‌ನನ್ನು ಕರೆತರುತ್ತೇನೆ. ಆಷಾಢವಾದರೂ ಸೈ, ಅದರಪ್ಪನಾದರೂ ಸೈ. ಜಗಳಕ್ಕೆ ಪೂರಾ ತಯಾರಾಗಿದ್ದೆ. ವಾಕ್ಯಗಳನ್ನೆಲ್ಲ ಸ್ಕೂಟಿ ಮೇಲೇ ಜೋಡಿಸಿಕೊಂಡು ಬಂದಿದ್ದೆ.

ಅವ್ವ ಜಗಳ ಮಾಡಲಿಲ್ಲ. ಅಕ್ಕಿ ಆರಿಸುತ್ತ ಅಂದಳು: ‘ನಿಮ್ಮಪ್ಪ ಬಂದಿದ್ದ ನೋಡು.’

ಇದನ್ನು ಈವರೆಗೆ ಹೇಳಿರಲಿಲ್ಲ. ಅವಳ ಮೊದಲ ಆಷಾಢ. ತವರಲ್ಲಿದ್ದಳು, ಕಂಪ್ಲಿಯಲ್ಲಿ. ಅಪ್ಪ ಸಂಡೂರಿನಿಂದ ಅದಿರಿನ ಲಾರಿ ಓಡಿಸಿಕೊಂಡೇ ಬಂದು ಬಾಗಿಲ ಮುಂದೆ ನಿಲ್ಲಿಸಿದನಂತೆ. ಅಜ್ಜಿ ಬೇಡವೆಂದರೂ ಹೊಸ್ತಿಲು ದಾಟಿದನಂತೆ. ನಕ್ಕನಂತೆ. ಉಂಡು ಹೋದನಂತೆ.

ಘಾಟಿನ ತಿರುವಿನಲ್ಲಿ ಲಾರಿ ಉರುಳಿ ಅಪ್ಪ ಹೋದದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ. ಆ ಊಟಕ್ಕೂ ಆ ತಿರುವಿಗೂ ನಡುವೆ ಎಷ್ಟೋ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ. ಹಾಗೆಂದು ಅವ್ವನಿಗೆ ಹೇಳಲಿಲ್ಲ. ಜೋಡಿಸಿಕೊಂಡು ಬಂದ ವಾಕ್ಯಗಳನ್ನೂ ಹೇಳಲಿಲ್ಲ.

ಅಕ್ಕಿ ಮುಗಿಯಿತು. ಮೊರ ಕೊಡವಿ ಎದ್ದಳು.

‘ಕರ್ಕೊಂಡು ಬಾ. ಅಂವ ಒಳಗ ಬರ್ಲಿ. ನಾ ಹೊರಗ ಇರ್ತೀನಿ.’

ಜುಲೈ ೧೦

ಇತಿಹಾಸದಲ್ಲಿ ದಾಖಲಾಗಬೇಕಾದ ದಿನ. ಮುಂಬಾಗಿಲಿನಿಂದ ಅವ್ವ ಹೊರಟಳು: ಒಂದು ಚೀಲ, ಒಂದು ಕೌದಿ, ತನ್ನದೇ ಲೋಟ. ಅವಳು ಗಲ್ಲಿ ದಾಟಿ ಎದುರು ಮನೆಯ ದುರ್ಗಕ್ಕನ ಕಟ್ಟೆ ಹತ್ತಿದ ಮೇಲೆ ವಿಲ್ಮರ್ ಆಟೋ ಇಳಿದು ಒಳಗೆ ಬಂದ.

ದುರ್ಗಕ್ಕ ಒಂಟಿ ಜೀವ, ಟಿವಿ ಬಿಟ್ಟರೆ ಗತಿಯಿಲ್ಲ. ‘ಬಾರಲೇ ಹೊಳೆಮ್ಮ. ಮದುವಿ ಆಗಿ ಮಗಳು ಮನಿ ಬಿಟ್ಟು ಹೋಗೋದು ನೋಡಿದ್ದೆ. ಅವ್ವ ಹೋಗೋದನ್ನೂ ನೋಡ್ದಂಗಾತು.’

ಜುಲೈ ೧೩, ಭಾನುವಾರ

ಸಂಸಾರವೀಗ ಗಲ್ಲಿಯ ಅಗಲಕ್ಕೆ ಬೆಳೆದಿದೆ. ಅವ್ವ ಅಲ್ಲಿ ಅಡುಗೆ ಮಾಡಿ ಗಲ್ಲಿಯ ನಡುವೆ ಬಂದು ಡಬ್ಬಿ ಕೊಡುತ್ತಾಳೆ. ಆಡಳಿತ ಮಾತ್ರ ಅಲ್ಲಿಂದಲೇ.

‘ವಿಲ್ಲಪ್ಪಾ, ಹಾಲು!’

‘ಹಾಲು ಕಾಸಿದೆ, ಅತ್ತಿ!’

‘ಗ್ಯಾಸು!’

‘ಬಂದ್!’

ಇಡೀ ಓಣಿಗೆ ನಮ್ಮ ಗ್ಯಾಸು ಬಂದಾಗಿರುವುದು ಗೊತ್ತು. ನಾನು ಮೂರು ತಿಂಗಳು ಕಲಿಸಿದ್ದಕ್ಕಿಂತ ಜಾಸ್ತಿ ಕನ್ನಡ ಈ ಮೂರು ದಿನದಲ್ಲಿ ಬಂದಿದೆ. ಎಲ್ಲ ಕೂಗುವ ಕನ್ನಡ. ಪಿಸುಮಾತೂ ಕೂಗಿಯೇ ಆಡುತ್ತಾನೆ.

ದುರ್ಗಕ್ಕ ದೂರು ತಂದಿದ್ದಾಳೆ. ‘ನಿಮ್ಮವ್ವ ನನ್ನ ಡಬ್ಬಿ ಎಲ್ಲಾ ತೊಳದು ಬ್ಯಾರೆ ಜಾಗದಾಗ ಇಟ್ಟಾಳ. ಉಪ್ಪು ಸಿಗವಲ್ದು. ನನ್ನ ಮನ್ಯಾಗ ನಾನಾ ಬೀಗತಿ ಆಗೀನಿ.’ ಆಮೇಲೆ ಮೆಲ್ಲಗೆ: ‘ರಾತ್ರಿ ನಿದ್ದಿ ಮಾಡಂಗಿಲ್ಲ ಆಕಿ. ಎದ್ದು ಕುಂತು ನಿಮ್ಮ ಬಾಗ್ಲ ನೋಡ್ತಾಳ.’

ಪೊಲೀಸಿನ ಸುಳಿವಿಲ್ಲ. ಕ್ಲಿನಿಕ್ಕಿಗೆ ಅರ್ಧ ರಜೆ ಹಾಕಿ ಮನೆಯಲ್ಲೇ ಕೂರುತ್ತಿದ್ದೇನೆ. ಬೈಕ್ ಸದ್ದಾದರೆ ಇಬ್ಬರೂ ದಂಪತಿಗಳಂತೆ ಕೂರುತ್ತೇವೆ. ಆಗಿರುವುದು ದಂಪತಿಗಳೇ, ಆದರೂ.

ಜುಲೈ ೧೫, ಸಂಜೆ

ಬಂದ.

ವಿಲ್ಮರ್ ಲುಂಗಿ ಉಟ್ಟು ಬಾಗಿಲ ಮುಂದೆ ನೀರು ಹಾಕುತ್ತಿದ್ದ. ‘ಬರ್ರಿ, ಕುಂದ್ರಿ!’ ಎಂದು ಕೂಗಿದ, ಗಲ್ಲಿಯಾಚೆಗೆ ಕೇಳುವಷ್ಟು ಜೋರಾಗಿ. ಹುಲಿಗೇಶ್ ಒಂದು ಹೆಜ್ಜೆ ಹಿಂದೆ ಸರಿದ.

ಒಳಗೆಲ್ಲ ನೋಡಿದ. ಬಟ್ಟೆ, ಚಪ್ಪಲಿ, ಗೂಡಿನಲ್ಲಿಟ್ಟ ಉದ್ದ ಕತ್ತಿನ ಎತ್ತು. ಎಲ್ಲ ಸರಿ. ಆಮೇಲೆ — ‘ನಿಮ್ಮವ್ವಾರನ್ನ ಕರೀರಿ.’

ಅವ್ವ ಗಲ್ಲಿಯ ನಡುವಿನ ತನಕ ಬಂದಳು. ನಿಂತಳು.

‘ಒಳಗ ಬರ್ರಿ ಅಮ್ಮಾ, ಸಹಿ ಬೇಕು.’

‘ನಾ ಬರಂಗಿಲ್ರಿ. ಇಲ್ಲಿ ಇರ್ತೀನಿ, ದುರ್ಗಕ್ಕನ ಮನ್ಯಾಗ.’

ಹುಲಿಗೇಶನ ಹುಬ್ಬು ಮೇಲೇರಿತು. ‘ಹೋದ ಸರ್ತಿ ಅಳಿಯಾರು ಹೊರಗ ಇದ್ರು. ಈ ಸರ್ತಿ ನೀವು ಹೊರಗ. ಮನ್ಯಾಗ ಜಗಳ ಏನ್ರಿ? ಹೊರಗ ಹಾಕ್ಯಾರೇನು ನಿಮ್ಮನ್ನ?’

ಇಷ್ಟೆಲ್ಲ ಮಾಡಿ ಇನ್ನೊಂದು ಕೇಸು.

ಅವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ‘ಯಾರು ಹಾಕ್ತಾರ್ರಿ ನನ್ನ? ಮನಿ ನಂದು. ಅಂವ ಅಳಿಯ ಅದಾನಂತ ನಾ ಮಂದಿ ಮನ್ಯಾಗ ಬಿದ್ದೀನಿ. ಯಾರೋ ಬಾಡಿಗಿಯಾಂವ ಆಗಿದ್ರ, ಕಾಗದದ ಗಂಡ ಆಗಿದ್ರ, ನನಗ್ಯಾಕ್ ಬೇಕಿತ್ತು ಆಷಾಢ? ನನ್ನ ಮನ್ಯಾಗ ಕಾಲು ಚಾಚಿ ಮಲಗ್ತಿದ್ದಿಲ್ಲೇನು? ಅಂವ ನಾಕು ಕಾಲ ಬಾಳ್ಬೇಕ್ರಿ. ನನ್ನ ಮಗಳು ಒಬ್ಬಾಕೆ ಆಗಬಾರದು. ಬರಕೋರಿ ಇದನ್ನ.’

ದುರ್ಗಕ್ಕ ಟಿವಿ ಬಿಟ್ಟು ಕಟ್ಟೆಗೆ ಬಂದಿದ್ದಳು.

ಹುಲಿಗೇಶ್ ಬರೆಯುವುದು ನಿಲ್ಲಿಸಿದ. ಆಮೇಲೆ ಕೇಳಿದ, ಪೊಲೀಸು ದನಿಯಲ್ಲಿ ಅಲ್ಲ: ‘ಯಾವಾಗ ಮುಗೀತೈತ್ರಿ ಆಷಾಢ?’

‘ಬರೋ ಗುರುವಾರಲ್ಲ, ಅದರ ಮುಂದಿನ ಗುರುವಾರ, ಅಮಾಸಿಗೆ. ಯಾಕ್ರಿ?’

‘ನನ್ನ ಹೆಂಡ್ತೀನೂ ತವರ್ಮನ್ಯಾಗ ಅದಾಳ. ಚೋರನೂರಾಗ.’ ಉಂಗುರ ತಿರುಗಿಸಿಕೊಂಡ. ‘ಫೋನಿನ್ಯಾಗ ಸಿಗ್ನಲ್ ಸಿಗಂಗಿಲ್ಲ.’

ಅವ್ವ ಹತ್ತಿರ ಹೋಗಿ ಅವನ ಭುಜ ತಟ್ಟಿದಳು. ಗಲ್ಲಿಯ ನಡುವೆ, ಬೈಕಿನ ಸೀಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದಳು. ಹೊಳೆಮ್ಮ — ದೊಡ್ಡ ಅಕ್ಷರ, ಗೆರೆ ದಾಟಿ ಹೋಗಿತ್ತು.

ಹುಲಿಗೇಶ್ ಏನು ಬರೆದನೋ ತೋರಿಸಲಿಲ್ಲ. ‘ಕೂಡಿ ಅದಾರ ಅಂತ ಬರದೀನಿ’ ಎಂದಷ್ಟೇ ಹೇಳಿ ಗಾಡಿ ಒದ್ದ. ಡಬ್ಬಿಯಲ್ಲಿ ಎರಡು ರೊಟ್ಟಿ ಅವನ ಜೊತೆ ಹೋದವು.

ಜುಲೈ ೨೪, ನಾಗರ ಅಮಾವಾಸ್ಯೆ

ಮಧ್ಯಾಹ್ನ ಮೇಲ್ ಬಂತು. ಅರ್ಜಿ ಮಂಜೂರು. ಮೂರು ಸಲ ಓದಿದೆ. ವಿಲ್ಮರ್ ಬಾಗಿಲಿಗೆ ಓಡಿ ಗಲ್ಲಿಯಾಚೆಗೆ ಕೂಗಿದ: ‘ಅತ್ತಿ! ವೀಸಾ ಬಂತು! ನಾ ಹೋಗಂಗಿಲ್ಲ!’

ಆಚೆಯಿಂದ: ‘ಕೂಗಬ್ಯಾಡಲೇ, ದಿಷ್ಟಿ ಆಕ್ಕೈತಿ!’ ಅವಳೂ ಕೂಗಿಯೇ ಅಂದಳು.

ಬಾ ಅವ್ವಾ ಒಳಗೆ, ಎಂದೆ. ಇವತ್ತಿನದು ಮುಗಿಯಲಿ ಎಂದಳು. ಸರ್ಕಾರ ಸಡಿಲಿಸಿತು, ಅವ್ವ ಸಡಿಲಿಸಲಿಲ್ಲ.

ಜುಲೈ ೨೫, ಬೆಳಿಗ್ಗೆ

ಶ್ರಾವಣ. ಜಿಟಿಜಿಟಿ ಮಳೆ. ವಿಲ್ಮರ್ ಎದ್ದು ಹೊಸ್ತಿಲು ತೊಳೆದು ಅರಿಶಿನ ಹಚ್ಚಿದ್ದಾನೆ, ಬಂಡೆ ಹತ್ತುವ ಮುಂಚೆ ಕೈಗೆ ಪುಡಿ ಬಳಿದುಕೊಳ್ಳುವ ಹಾಗೆ ಧಾರಾಳವಾಗಿ.

ಅವ್ವ ಬಂದಳು. ಚೀಲ, ಕೌದಿ, ಲೋಟ. ತಲೆ ಮೇಲೆ ಸೆರಗು. ಹಿಂದೆ ದುರ್ಗಕ್ಕ — ‘ನನ್ನ ಉಪ್ಪಿನ ಡಬ್ಬಿ ಎಲ್ಲಿ ಇಟ್ಟಿ ಹೇಳಿ ಹೋಗಲೇ!’

ಹೊಸ್ತಿಲ ಮುಂದೆ ನಿಂತುಬಿಟ್ಟಳು.

‘ಬಾ ಅವ್ವಾ’ ಎಂದೆ. ಬರಲಿಲ್ಲ. ನನ್ನನ್ನು ನೋಡುತ್ತಲೂ ಇರಲಿಲ್ಲ. ‘ಮನ್ಯಾಗ ಇರಾಂವ ಅಂವ. ಅಂವ ಕರೀಲಿ.’

ವಿಲ್ಮರ್ ಕೈ ಒರೆಸಿಕೊಂಡು ಬಂದ. ಈ ಸಲ ಕೂಗಲಿಲ್ಲ. ಮೊದಲ ಸಲ ಅವನ ಮೆಲುದನಿಯ ಕನ್ನಡ ಕೇಳಿದೆ — ‘ಬರ್ರಿ ಅತ್ತಿ. ಒಳಗ ಬರ್ರಿ.’ ಅವಳ ಕೈಯಿಂದ ಕೌದಿ ತಗೊಂಡ.

ಅವ್ವ ಬಲಗಾಲು ಎತ್ತಿ ಹೊಸ್ತಿಲು ದಾಟಿ ಒಳಗಿಟ್ಟಳು.