ದೋಷ ಕಂಡುಬಂದಿಲ್ಲ

ಮನೆಯಿಂದ,
ಹನ್ನೊಂದನೆಯ ತಾರೀಖು, ಭಾನುವಾರ

ಪ್ರೀತಿಯ ನರ್ಸಮ್ಮಾ,

ಹೇಗಿದ್ದೀಯ? ಸೊಂಟನೋವು ಈಗ ಪರವಾಗಿಲ್ಲವೇ? ಆ ಆಸ್ಪತ್ರೆಯವರು ಎರಡು ವಾರ್ಡನ್ನೂ ನಿನ್ನೊಬ್ಬಳ ತಲೆಗೇ ಕಟ್ಟಿದ್ದಾರೆ ಎಂದಿದ್ದೆಯಲ್ಲ, ಜೊತೆಗೆ ಯಾರನ್ನಾದರೂ ಕೊಟ್ಟರೋ ಇಲ್ಲವೋ? ನಿನ್ನ ಕರಾರು ಮುಗಿಯಲು ಇನ್ನೂ ಐದು ತಿಂಗಳಿದೆ, ಅಷ್ಟರೊಳಗೆ ಮೈ ಕೆಡಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಒಲೆಯ ಮೇಲಿಟ್ಟದ್ದು ಈಗೀಗ ವಾರಕ್ಕೊಮ್ಮೆ ಮಾತ್ರ ಸೀದುಹೋಗುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಸಿಟ್ಟು ಅರ್ಧಕ್ಕೆ ಬರುವಷ್ಟರಲ್ಲಿ ನೀನು ನಕ್ಕುಬಿಡುತ್ತೀಯ. ಈ ಸಲ ಪೂರ್ತಿ ಸಿಟ್ಟು ಮಾಡಿಕೊಳ್ಳಲೇಬೇಕೆಂದು ಕಾಗದ ಹಿಡಿದು ಕೂತಿದ್ದೇನೆ.

"ವಾಚ್ ಕಟ್ಕೊಂಡಿದೀರಾ ಮೇಷ್ಟ್ರೇ?" ಎಂದು ನೀನು ಕೇಳಿದಾಗಲೆಲ್ಲ "ಹೂಂ" ಎನ್ನುತ್ತೇನಲ್ಲ, ಅದು ಸುಳ್ಳು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ನೀನು ಕೊಡಿಸಿದ ವಾಚು ಈ ನಾಲ್ಕು ತಿಂಗಳಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ವಾರವೂ ಇಲ್ಲ. ಉಳಿದ ದಿನವೆಲ್ಲ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬಿದ್ದಿದೆ. ಎರಡು ವರ್ಷ ರಜೆಯ ದಿನವೂ ಡ್ಯೂಟಿ ಮಾಡಿ ಕೊಂಡದ್ದು ನೀನು, ನಿನಗೆ ಹೇಗೆ ಹೇಳಲಿ? "ಕೀ ಕೊಡೋದೇ ಬೇಡ ಸರ್, ಕೈ ಆಡ್ತಾ ಇದ್ರೆ ಸಾಕು, ತಾನೇ ಓಡುತ್ತೆ" ಎಂದು ಅಂಗಡಿಯವನು ಬಣ್ಣಿಸಿದ್ದ. ಮೊದಮೊದಲು ಓಡಿತು ಕೂಡ. ನೀನು ಹೋಗಿ ಮೂರು ತಿಂಗಳಾದ ಮೇಲೆ ಅದರ ವರಸೆ ಶುರುವಾಯಿತು. ರಾತ್ರಿ ಬಿಚ್ಚಿಟ್ಟರೆ ಬೆಳಿಗ್ಗೆ ಯಾವುದೋ ಹೊತ್ತಿಗೆ ನಿಂತಿರುತ್ತಿತ್ತು. ಅದನ್ನು ನಂಬಿ ಎರಡು ದಿನ ಶಾಲೆಗೆ ತಡವಾಗಿ ಹೋದೆ. ತಡವಾಗಿ ಬಂದ ಮಕ್ಕಳಿಗೆ ಮೈದಾನ ಸುತ್ತಿಸುವ ಡ್ರಿಲ್ ಮೇಷ್ಟ್ರೇ ತಡ! ಹೆಡ್ ಮಿಸ್ಸು ಗೋಡೆಯ ಗಡಿಯಾರ ನೋಡಿದರು. ಮುಂದಿನ ತಿಂಗಳು ವಾರಂಟಿ ಮುಗಿಯುತ್ತದೆ. ಆಮೇಲೆ ಆ ಸರ್ವಿಸ್ ಸೆಂಟರಿನವರು ನನ್ನನ್ನು ಬಾಗಿಲ ಹತ್ತಿರವೂ ಸೇರಿಸುವುದಿಲ್ಲ. ನೀನು ಬಂದು ಇಳಿಯುವಾಗ ಆ ವಾಚು ಓಡುತ್ತಿರಬೇಕು, ಅಷ್ಟೇ ನನ್ನ ಹಟ.

ಸೆಂಟರಿನ ಸೊಗಸು ಕೇಳಬೇಕೇ? ಗಾಜಿನ ಬಾಗಿಲು, ಮುಳುಗಿಹೋಗುವಂಥ ಸೋಫಾ, ಹಲ್ಲು ಕಟಕಟ ಎನ್ನುವಷ್ಟು ಎ.ಸಿ. ಕೌಂಟರಿನಲ್ಲಿ ಒಬ್ಬಳು ಹುಡುಗಿ, ಬೈದರೂ ನಗುತ್ತಾಳೆ, ಹೊಗಳಿದರೂ ಅಷ್ಟೇ ನಗುತ್ತಾಳೆ. ನೀರಿಗೆ ಬಿದ್ದಿದೆಯೇ, ನೆಲಕ್ಕೆ ಬಿದ್ದಿದೆಯೇ, ಬೇರೆ ಯಾರಾದರೂ ಬಿಚ್ಚಿದ್ದಾರೆಯೇ ಎಂದು ಎರಡು ಪುಟ ಬರೆಸಿಕೊಂಡಳು. ಮೊದಲ ಸಲ ಐದು ವಾರ ಇಟ್ಟುಕೊಂಡರು. ವಾಪಸ್ ಕೊಟ್ಟಾಗ ಜೊತೆಗೆ ಒಂದು ಚೀಟಿ: "ದೋಷ ಕಂಡುಬಂದಿಲ್ಲ." ಕೆಳಗೆ ದುಂಡು ಮೊಹರು. ಖುಷಿಯಿಂದ ಕಟ್ಟಿಕೊಂಡು ಬಂದೆ. ಮೂರನೆಯ ಬೆಳಿಗ್ಗೆ ಮತ್ತೆ ನಿಂತಿತ್ತು. ಎರಡನೆಯ ಸಲ ದೊಡ್ಡ ವರ್ಕ್‌ಶಾಪಿಗೆ ಕಳಿಸಿದ್ದೇವೆ ಎಂದು ಒಂಬತ್ತು ವಾರ ಸತಾಯಿಸಿದರು. ಹೋದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ ಸರ್." ನನ್ನ ಚಪ್ಪಲಿ ಸವೆದದ್ದೇ ಬಂತು. ಕೊನೆಗೆ ಅದೇ ವಾಚು, ಅದೇ ಚೀಟಿ, ಅದೇ ದುಂಡು ಮೊಹರು. ಮನೆಗೆ ತಂದ ಎರಡೇ ದಿನಕ್ಕೆ ಅದೇ ಹಾಡು.

ಮೂರನೆಯ ಸಲ ನಾನು ಆ ಸೋಫಾದಿಂದ ಏಳಲೇ ಇಲ್ಲ. ರಿಪೇರಿ ಮಾಡುವ ಮನುಷ್ಯನೇ ಹೊರಗೆ ಬರಬೇಕು ಎಂದು ಮೈದಾನದ ಗಂಟಲಿನಲ್ಲಿ ಹೇಳಿದೆ. ಬಂದ. ನನ್ನದೇ ವಯಸ್ಸು, ಹಣೆಯ ಮೇಲೆ ಭೂತಗನ್ನಡಿ, ಬೆರಳುಗಳು ಮಾತ್ರ ನಿನ್ನ ಬೆರಳಿನಷ್ಟು ಸೂಕ್ಷ್ಮ. ಒಂದು ವಾರ ತಾನೇ ಕಟ್ಟಿ ನೋಡುತ್ತೇನೆ ಎಂದ. ಒಪ್ಪಿದೆ. ನಿನ್ನೆ ಹೋದರೆ, "ನನ್ನ ಕೈಲಿ ಒಂದ್ಸಲಾನೂ ನಿಲ್ಲಲಿಲ್ಲ ಸರ್. ನಿಮ್ದು ಕೂತು ಮಾಡೋ ಕೆಲಸಾನಾ?" ಎಂದು ಕೇಳುತ್ತಾನೆ! ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಮೂವತ್ತು ವರ್ಷ ಮಕ್ಕಳಿಗೆ ಕೈ ಬೀಸಿ ನಡೆಯುವುದನ್ನು ಕಲಿಸಿದವನಿಗೆ ಕೇಳುವ ಮಾತೇ ಇದು? ಅವನು ಜಗ್ಗಲಿಲ್ಲ. "ಸ್ವಲ್ಪ ಆ ಬಾಗಿಲವರೆಗೂ ನಡೆದು ಬನ್ನಿ ಸರ್" ಎಂದ. ಪೆರೇಡಿನಂತೆಯೇ ನಡೆದು ತೋರಿಸಿದೆ. ಇನ್ನೊಮ್ಮೆ ಎಂದ, ಇನ್ನೊಮ್ಮೆ ನಡೆದೆ. ಕೌಂಟರಿನ ಹುಡುಗಿ ಮೊದಲ ಸಲ ನಗು ನಿಲ್ಲಿಸಿದ್ದಳು. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನಿಮ್ಮ ಎಡಗೈ ಆಡ್ತಾನೇ ಇಲ್ಲ ಸರ್. ಒಂದ್ಸಲ ಡಾಕ್ಟರ್‌ಗೆ ತೋರಿಸಿ" ಎಂದ. ಕೇಳಿದೆಯಾ? ವಾಚು ರಿಪೇರಿ ಮಾಡಲು ಬಾರದವನು ನನ್ನನ್ನೇ ರಿಪೇರಿಗೆ ಕಳಿಸುತ್ತಾನಂತೆ! ತಮ್ಮ ತಪ್ಪು ಮುಚ್ಚಿಕೊಳ್ಳಲು ಗಿರಾಕಿಯ ಮೈಗೇ ರೋಗ ಅಂಟಿಸುವ ಕಂಪನಿಯನ್ನು ನಾನು ಕಂಡಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದು, ವಾಚನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದಿದ್ದೇನೆ.

ನನಗೀಗ ಬೇಕಾದದ್ದು ಕೊಂಡಾಗಿನ ಬಿಲ್ಲು. ಬೀರುವಿನಲ್ಲೆಲ್ಲ ಹುಡುಕಿದೆ, ನಿನ್ನ ಪೆಟ್ಟಿಗೆಯಲ್ಲೇ ಹೋಗಿರಬೇಕು. ಸಿಕ್ಕಿದ ಕೂಡಲೇ ಕಳಿಸು, ಅವರ ಹೆಡ್ ಆಫೀಸಿಗೇ ಬರೆದು ಒಂದು ಕೈ ನೋಡಿಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸೊಂಟಕ್ಕೆ ಬೆಲ್ಟು ಕಟ್ಟಿಕೋ, ಬೇರೆಯವರಿಗೆ ಹೇಳುವುದನ್ನು ನೀನೂ ಒಂದಿಷ್ಟು ಮಾಡು. ಜೊತೆಯ ನರ್ಸುಗಳಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ಸಿಡುಕ,
ಡ್ರಿಲ್ ಮೇಷ್ಟ್ರು

ತಾ.ಕ.: ಕಾಗದ ಅಂಚೆಗೆ ಹಾಕದೆ ನಾಲ್ಕು ದಿನವಾಯಿತು. ಬಿಲ್ಲು ಹುಡುಕಬೇಡ. ಸೋಮವಾರ ಎರಡನೇ ಕ್ಲಾಸಿನವರಿಗೆ ಮಾರ್ಚ್ ಹೇಳಿಕೊಡುತ್ತಿದ್ದೆ. ನಾನು ಮುಂದೆ ನಡೆಯುವುದು, ಅವರು ನನ್ನನ್ನು ನೋಡಿಕೊಂಡು ಹಿಂದೆ ಬರುವುದು. ತಿರುಗಿ ನೋಡಿದರೆ ನಲವತ್ತು ಮಕ್ಕಳೂ ಬಲಗೈ ಮಾತ್ರ ಬೀಸುತ್ತಿದ್ದಾರೆ, ಎಡಗೈಯನ್ನು ತೊಡೆಗೆ ಅಂಟಿಸಿಕೊಂಡಿದ್ದಾರೆ. "ಯಾರ್ರೋ ಹಿಂಗೆ ಹೇಳಿಕೊಟ್ಟೋರು?" ಎಂದು ಗದರಿದೆ. ಮುಂದಿನ ಸಾಲಿನ ಪುಟ್ಟಿಯೊಬ್ಬಳು "ನೀವೇ ಸಾರ್" ಎಂದಳು. ಅವತ್ತೇ ಡಾಕ್ಟರ ಹತ್ತಿರ ಹೋದೆ, ಅವರು ನರಗಳ ಡಾಕ್ಟರಿಗೆ ಬರೆದುಕೊಟ್ಟರು. ನಿನ್ನೆ ಆ ನರಗಳ ಡಾಕ್ಟರು ಹೇಳಿದ ರೋಗದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಇದರ ಜೊತೆ ಇಟ್ಟಿದ್ದೇನೆ, ನಿನಗೆ ಗೊತ್ತಾಗುತ್ತದೆ. ಪೂರ್ತಿ ವಾಸಿಯಾಗುವಂಥದ್ದಲ್ಲವಂತೆ, ಗುಳಿಗೆಯಿಂದ ಹಿಡಿತದಲ್ಲಿಡಬಹುದಂತೆ. ಇವತ್ತು ಮಕ್ಕಳ ಮುಂದೆ ನಡೆಯಲಿಲ್ಲ, ಹಿಂದೆ ನಿಂತು ಬಾಯಲ್ಲೇ ಎಡ ಬಲ ಹೇಳಿದೆ. ತುಂಬ ಹೆದರಿಕೆಯಾಗುತ್ತಿದೆ ಕಣೇ. ಐದು ತಿಂಗಳು ನನ್ನಿಂದ ಕಾಯಲಾಗದು. ಹೇಗಾದರೂ ರಜೆ ಕೇಳಿಕೊಂಡು ಬಂದುಬಿಡು.